ಮಗ್ಗಿ ಬರುತ್ತದೆ, ಭಾಗಾಕಾರ ಏಕೆ ಬರುವುದಿಲ್ಲ?

ಗದಗಿನಿಂದ ನಮ್ಮ ಶಾಲೆಯಿರುವ ಊರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಗಲಿ ಬಿಡಲಿ, ಈ ಪ್ರಶ್ನೆ ಮಾತ್ರ ಸಿಕ್ಕೇ ಸಿಗುತ್ತದೆ. ನಾನು ನಾಲ್ಕು ಮತ್ತು ಐದನೆಯ ತರಗತಿಗೆ ಗಣಿತ ಕಲಿಸುವವಳು ಎಂದು ಗೊತ್ತಾದರೆ ಸಾಕು, ಪಕ್ಕದಲ್ಲಿ ನಿಂತ ತಾಯಿಯೋ ಅಜ್ಜಿಯೋ ಶುರು ಮಾಡುತ್ತಾರೆ. "ಅಕ್ಕೋರೇ, ನಮ್ಮ ಹುಡುಗನಿಗೆ ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ ಇದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಭಾಗಾಕಾರ ಕೊಟ್ಟರೆ ಮಾತ್ರ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾನೆ. ಯಾಕೆ?" ಮದುವೆ ಮನೆಯ ಪಂಕ್ತಿಯಲ್ಲಿ, ಎಲೆಗೆ ಅನ್ನ ಬೀಳುವ ಮೊದಲೇ ಕೇಳಿದವರೂ ಇದ್ದಾರೆ. ಅಲ್ಲೆಲ್ಲ ಅರ್ಧಕ್ಕೇ ನಿಲ್ಲಿಸಿದ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ನೋಡಿ. 612ನ್ನು 6ರಿಂದ ಭಾಗಿಸಬೇಕು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿ ಮಗ್ಗಿ ಹೇಳುವ ಹುಡುಗನನ್ನು ಕಪ್ಪುಹಲಗೆಯ ಮುಂದೆ ಕರೆದೆ. "ಆರೊಂದಲೆ ಆರು" ಎಂದು ಮೇಲೆ 1 ಬರೆದ. ಉಳಿದ 12ನ್ನು ನೋಡಿ "ಆರೆರಡಲೆ ಹನ್ನೆರಡು" ಎಂದು ಅದರ ಪಕ್ಕದಲ್ಲೇ 2 ಬರೆದ. ಉತ್ತರ 12. ಸೀಮೆಸುಣ್ಣ ಇಟ್ಟು, ಶಾಬ್ಬಾಸ್ ಎನ್ನಿಸಿಕೊಳ್ಳಲು ನನ್ನ ಮುಖ ನೋಡಿದ. ಅವನ ಮಗ್ಗಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಿಜವಾದ ಉತ್ತರ 102. ಮಗ್ಗಿ ಅಷ್ಟು ಸಲೀಸಾಗಿ ಬಾಯಿಗೆ ಬರದಿದ್ದರೆ ಅವನು ಒಂದು ಗಳಿಗೆ ನಿಂತು ಯೋಚಿಸುತ್ತಿದ್ದನೇನೋ!

ಸಂಜೆ ಶಾಲೆಯ ಗೇಟಿನ ಹತ್ತಿರ ಪೇರಲಹಣ್ಣು ಮಾರುವ ಅಜ್ಜಿಯನ್ನು ಇದೇ ಲೆಕ್ಕ ಕೇಳಿದೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ಆರುನೂರು ಆರು ಜನಕ್ಕಲ್ಲವೇ, ತಲೆಗೆ ನೂರು. ಮೇಲಿನ ಹನ್ನೆರಡರಲ್ಲಿ ಎರಡೆರಡು. ನೂರಾ ಎರಡು" ಎಂದು, ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದಳು. ಅಜ್ಜಿಗೆ ಕಂಡದ್ದು ಆರುನೂರು ರೂಪಾಯಿ, ಹುಡುಗನಿಗೆ ಕಂಡದ್ದು 6 ಎಂಬ ಅಂಕಿ. ಬಸ್ಸಿನಲ್ಲಿ ಕೇಳುವ ತಾಯಂದಿರಿಗೆ ನನ್ನ ಉತ್ತರದ ಮುಕ್ಕಾಲು ಪಾಲು ಇದೇ.

ಉಳಿದ ಕಾಲು ಪಾಲಿನಲ್ಲಿ ನಮ್ಮ, ಅಂದರೆ ಶಿಕ್ಷಕರ, ತಪ್ಪಿದೆ. ಕೂಡುವುದು, ಕಳೆಯುವುದು, ಗುಣಿಸುವುದು ಮೂರನ್ನೂ ಬಿಡಿ ಸ್ಥಾನದಿಂದ ಶುರು ಮಾಡಿ ಎಂದು ಎರಡು ವರ್ಷ ಹೇಳಿರುತ್ತೇವೆ. ಭಾಗಾಕಾರ ಬಂದ ಕೂಡಲೇ ಎಡಗಡೆಯಿಂದ ಶುರು ಮಾಡಿ ಎನ್ನುತ್ತೇವೆ. ಕಾರಣ ಮಾತ್ರ ಹೇಳುವುದಿಲ್ಲ. "ಒಂದರಲ್ಲಿ ಆರು ಹೋಗುವುದಿಲ್ಲ, ಎರಡು ಅಂಕಿ ತೆಗೆದುಕೋ", "ಮುಂದಿನ ಅಂಕಿಯನ್ನು ಕೆಳಗಿಳಿಸು" ಎಂದು ಮಂತ್ರದಂತೆ ಹೇಳಿಸುತ್ತೇವೆ. ಎಲ್ಲಿಗೆ ಹೋಗುವುದಿಲ್ಲ, ಏಕೆ ಇಳಿಸಬೇಕು ಎಂದು ಒಂದು ಮಗುವೂ ಕೇಳುವುದಿಲ್ಲ. ನಾನೂ ಹೀಗೇ ಕಲಿತವಳು, ನೌಕರಿಗೆ ಸೇರಿದ ಮೊದಲ ಕೆಲವು ವರ್ಷ ಹೀಗೇ ಕಲಿಸಿದವಳು.

ನನ್ನ ದಾರಿ ಬದಲಿಸಿದ್ದು ಐದನೆಯ ತರಗತಿಯ ಒಬ್ಬ ಹುಡುಗಿ. ಅವಳ ತಾಯಿ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಳು. ಆರು ಹೆಂಗಸರ ಗುಂಪು. ಹೊಲದ ಯಜಮಾನ ಕೂಲಿಯನ್ನು ಒಟ್ಟಿಗೆ ಒಬ್ಬರ ಕೈಗೆ ಕೊಡುತ್ತಾನೆ: ಐನೂರರ ಮೂರು ನೋಟು. ನಾನು ಹಲಗೆಯ ಮೇಲೆ 1500 ಬರೆದು 6ರಿಂದ ಭಾಗಿಸಲು ಹೇಳಿದಾಗ ಅವಳು ಅಂಕಿಯನ್ನು ಮುಟ್ಟಲೇ ಇಲ್ಲ. "ಟೀಚರ್, ಮೂರು ನೋಟು ಆರು ಜನಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ಮುರಿಸಬೇಕು. ನೂರರ ಹದಿನೈದು ಆಗುತ್ತವೆ. ತಲೆಗೆ ಎರಡು ಕೊಟ್ಟರೆ ಮೂರು ಉಳಿಯುತ್ತವೆ. ಆ ಮೂರನ್ನೂ ಮುರಿಸಿದರೆ ಐವತ್ತರ ಆರು. ಇನ್ನೂರಾ ಐವತ್ತು ಬಂತು" ಎಂದಳು. ಸಂತೆಯ ದಿನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಈ ಹಂಚಿಕೆಯನ್ನು ಅವಳು ಎಷ್ಟೋ ಸಲ ನೋಡಿದ್ದಳು.

ನಾನು ಅಷ್ಟು ವರ್ಷ ಹೇಳಿಸುತ್ತಿದ್ದ ಮಂತ್ರದ ಅರ್ಥ ಆ ಒಂದೇ ಮಾತಿನಲ್ಲಿತ್ತು: ಮುರಿಸುವುದು. "ಒಂದರಲ್ಲಿ ಆರು ಹೋಗುವುದಿಲ್ಲ" ಎಂದರೆ ಸಾವಿರದ ಒಂದು ನೋಟನ್ನು ಆರು ಜನಕ್ಕೆ ಕೊಡಲು ಬರುವುದಿಲ್ಲ. "ಎರಡು ಅಂಕಿ ತೆಗೆದುಕೋ" ಎಂದರೆ ಅದನ್ನು ನೂರರ ನೋಟುಗಳಾಗಿ ಮುರಿಸಿ, ಇದ್ದ ಐದರ ಜೊತೆ ಸೇರಿಸು. ದೊಡ್ಡ ಸ್ಥಾನದಿಂದ ಶುರು ಮಾಡುವುದೂ ಇದಕ್ಕೇ. ಮೊದಲು ಚಿಲ್ಲರೆ ಹಂಚಿ ಕೂತರೆ, ಆಮೇಲೆ ನೋಟು ಮುರಿಸಿದಾಗ ಬರುವ ಚಿಲ್ಲರೆಯನ್ನು ಮತ್ತೆ ಹಂಚಬೇಕು. ಯಾವ ಹೆಂಗಸರ ಗುಂಪೂ ಹಾಗೆ ಮಾಡುವುದಿಲ್ಲ.

ಈಗ ನಾನು ಹಾಳೆ ಕತ್ತರಿಸಿ ನೂರು, ಹತ್ತು, ಒಂದರ ನೋಟು ಮಾಡಿ ಇಟ್ಟುಕೊಂಡಿದ್ದೇನೆ. ಕಿಟಕಿಯ ಹತ್ತಿರದ ಬೆಂಚು ನಮ್ಮ ಬ್ಯಾಂಕು. ಮುರಿಸಿಕೊಡಲು ಅಲ್ಲೊಬ್ಬ ಕ್ಯಾಷಿಯರ್ ಕೂರುತ್ತಾನೆ, ಆ ಹುದ್ದೆಗೆ ದಿನವೂ ಜಗಳ. 612 ಕೊಟ್ಟು ಆರು ಮಕ್ಕಳಿಗೆ ಹಂಚಲು ಹೇಳಿದರೆ, ನೂರರ ನೋಟು ಒಂದೊಂದು ಹೋಗುತ್ತದೆ. ಹತ್ತರ ನೋಟು ಒಂದೇ ಇದೆ, ಅದು ಯಾರಿಗೂ ಹೋಗುವುದಿಲ್ಲ. ಆಗ ಕೇಳುತ್ತೇನೆ: "ನಿಮ್ಮ ಕೈಯಲ್ಲಿ ಹತ್ತರ ನೋಟು ಎಷ್ಟು?" "ಇಲ್ಲ, ಟೀಚರ್." "ಇಲ್ಲ ಎನ್ನುವುದನ್ನು ಹೇಗೆ ಬರೆಯುತ್ತೀರಿ?" ಸೊನ್ನೆ ತಾನಾಗಿ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಮೂರು ವಾರ ಇಷ್ಟೇ. ಮೆಟ್ಟಿಲು ಮೆಟ್ಟಿಲಾಗಿ ಬರೆಯುವ ಕ್ರಮವನ್ನು ಆಮೇಲೆ ಕೊಡುತ್ತೇನೆ. ಭಾಜ್ಯ, ಭಾಜಕ, ಭಾಗಲಬ್ಧ ಎಂಬ ಹೆಸರುಗಳು ಇನ್ನೂ ತಡ. ಪಾಠ ಹಿಂದೆ ಬಿದ್ದಿದೆ ಎಂದು ಒಂದೆರಡು ಸಲ ಬೈಸಿಕೊಂಡಿದ್ದೇನೆ, ಅದಿರಲಿ.

ಪೋಷಕರು ಗಮನಿಸದ ಇನ್ನೊಂದು ಸಂಗತಿಯಿದೆ. ಭಾಗಾಕಾರದ ಗುರುತು ಒಂದೇ ಆದರೂ ಅದು ಕೇಳುವ ಪ್ರಶ್ನೆ ಎರಡು. ಪಂಚಮಿಯ ಶೇಂಗಾ ಉಂಡಿ ಹನ್ನೆರಡು ಇವೆ ಎನ್ನಿ. ಮೂರು ಜನಕ್ಕೆ ಹಂಚಿದರೆ ತಲೆಗೆ ಎಷ್ಟು? ಡಬ್ಬಿಗೆ ಮೂರರಂತೆ ತುಂಬಿದರೆ ಎಷ್ಟು ಡಬ್ಬಿ? ಎರಡಕ್ಕೂ ಉತ್ತರ 4. ಆದರೆ ಮಗುವಿನ ಕೈಗೆ ಹುಣಸೆಬೀಜ ಕೊಟ್ಟು ನೋಡಿ. ಮೊದಲನೆಯದಕ್ಕೆ ಅಳಗುಳಿಮಣೆ ಆಡುವಂತೆ ಒಂದೊಂದೇ ಬೀಜ ಹಾಕುತ್ತಾ ಸುತ್ತು ಬರುತ್ತದೆ. ಎರಡನೆಯದಕ್ಕೆ ಮೂರು ಮೂರನ್ನು ಒಮ್ಮೆಲೇ ಗೋರಿ ಪಕ್ಕಕ್ಕಿಡುತ್ತದೆ. ಮಗ್ಗಿ ಸಲೀಸಾಗಿ ಹೊಂದುವುದು ಈ ಎರಡನೆಯದಕ್ಕೆ. ನಾವು ಬಾಯಲ್ಲಿ "ಹಂಚು" ಎನ್ನುತ್ತೇವೆ, ಹಲಗೆಯ ಮೇಲೆ ಗೋರುವುದನ್ನು ತೋರಿಸುತ್ತೇವೆ. ಮಗು ಪೆನ್ಸಿಲ್ ಕಚ್ಚದೆ ಇನ್ನೇನು ಮಾಡೀತು?

ಹಂಚುವುದೊಂದೇ ಗೊತ್ತಿದ್ದರೆ ಎಂಥ ಪಂಡಿತರೂ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಹಿಂದಿನ ಸಾಲಿನ ಹುಡುಗನೊಬ್ಬ, "ಟೀಚರ್, ಹನ್ನೆರಡು ಉಂಡಿಯನ್ನು ಸೊನ್ನೆ ಜನಕ್ಕೆ ಹಂಚಿದರೆ?" ಎಂದು ಕೇಳಿ, ಉತ್ತರವನ್ನೂ ತಾನೇ ಕೊಟ್ಟ: "ತಿನ್ನುವವರೇ ಇಲ್ಲ, ಹನ್ನೆರಡೂ ಹಾಗೇ ಉಳಿಯುತ್ತವೆ." ಎಲ್ಲರೂ ನಕ್ಕರು. ನಾನು ನಗಲಿಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಗಣಿತಜ್ಞ ಮಹಾವೀರಾಚಾರ್ಯರೂ ಇದನ್ನೇ ಹೇಳಿದ್ದರು: ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು. ನಾಲ್ಕನೆಯ ತರಗತಿಯ ಹುಡುಗ ಎಡವಿದ್ದು ದೊಡ್ಡವರು ಎಡವಿದ ಕಲ್ಲಿಗೇ. ಅವನಿಗೆ ಎರಡನೆಯ ಪ್ರಶ್ನೆ ಕೇಳಿದೆ. ಡಬ್ಬಿಗೆ ಸೊನ್ನೆ ಉಂಡಿಯಂತೆ ತುಂಬುತ್ತಾ ಹೋಗು, ಹನ್ನೆರಡು ಉಂಡಿ ಖಾಲಿಯಾಗಲು ಎಷ್ಟು ಡಬ್ಬಿ ಬೇಕು? ಬೀಜದ ರಾಶಿಯ ಮುಂದೆ ಬರಿಗೈ ಆಡಿಸುತ್ತಾ ಸ್ವಲ್ಪ ಹೊತ್ತು ಕೂತ. "ಇದು ಮುಗಿಯುವುದೇ ಇಲ್ಲ, ಟೀಚರ್" ಎಂದ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಎಂಬುದನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಶೇಷದ ಬಗ್ಗೆಯೂ ಒಂದು ಮಾತು. ಬಿಸಿಯೂಟದ ಮೊಟ್ಟೆ 30ರ ಟ್ರೇಯಲ್ಲಿ ಬರುತ್ತದೆ. 147 ಮಕ್ಕಳಿಗೆ ಎಷ್ಟು ಟ್ರೇ ಬೇಕು? ನಮ್ಮವರು ಭಾಗಿಸಿ, ಭಾಗಲಬ್ಧ 4, ಶೇಷ 27 ಎಂದು ಬರೆದು ಎರಡು ಗೆರೆ ಎಳೆಯುತ್ತಾರೆ. ನಾಲ್ಕೇ ಟ್ರೇ ತರಿಸಿದರೆ 27 ಮಕ್ಕಳಿಗೆ ಮೊಟ್ಟೆಯಿಲ್ಲ, ಉತ್ತರ 5. ಅದೇ, 147 ರೂಪಾಯಿಗೆ ಮೂವತ್ತರ ಪುಸ್ತಕ ಎಷ್ಟು ಬರುತ್ತವೆ ಎಂದರೆ ಉತ್ತರ 4, ಅಂಗಡಿಯವನು ಐದನೆಯದನ್ನು ಪುಕ್ಕಟೆ ಕೊಡುವುದಿಲ್ಲ. ಲೆಕ್ಕ ಒಂದೇ. ಶೇಷವನ್ನು ಏನು ಮಾಡಬೇಕೆಂದು ಅಂಕಿ ಹೇಳುವುದಿಲ್ಲ, ಸಂದರ್ಭ ಹೇಳುತ್ತದೆ.

ಹಾಗಾದರೆ ಮಗ್ಗಿ ಬೇಡವೇ ಎಂದು ಕೇಳಬೇಡಿ. ಬೇಕು. ಹತ್ತರ ತನಕ ಸಾಕು ಎಂಬುದು ನನ್ನ ಹಟ. ಇಪ್ಪತ್ತರ ತನಕ ಇರಲೇಬೇಕು ಎನ್ನುವ ಸಹೋದ್ಯೋಗಿಯೊಬ್ಬರ ಜೊತೆ ಈ ವಿಷಯಕ್ಕೆ ವರ್ಷಕ್ಕೊಮ್ಮೆ ಮಾತು ಬಿಡುತ್ತೇನೆ. ಟ್ಯೂಷನ್ ಬೇಕೇ ಎಂದರೆ, ಬೇಡ. ಮನೆಯಲ್ಲಿ ರಾತ್ರಿ ಹತ್ತು ನಿಮಿಷ ಸಾಕು. ಲೆಕ್ಕ ಮಾಡುವ ಮೊದಲು "ಸುಮಾರು ಎಷ್ಟು ಬರಬಹುದು?" ಎಂದು ಕೇಳಿ, ಪೇರಲಹಣ್ಣಿನ ಅಜ್ಜಿಯ ಹಾಗೆ. ಆಮೇಲೆ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ನೋಟು ಕತ್ತರಿಸಿಕೊಂಡು ಹಂಚಿಸಿ. ನೂರರದ್ದು ಹತ್ತು ಸಾಕು. ಹತ್ತರದ್ದನ್ನೂ ಒಂದರದ್ದನ್ನೂ ಮಾತ್ರ ಮೂವತ್ತು ಮೂವತ್ತು ಮಾಡಿಟ್ಟುಕೊಳ್ಳಿ, ಮುರಿಸಿ ಮುರಿಸಿ ಬೇಗ ಖಾಲಿಯಾಗುವುದು ಅವೇ.