ಫಿಯೆಟ್ಟಿನಲ್ಲಿ ದಿನಾ ಮಂಡ್ಯಕ್ಕೆ

ಮಾರ್ಚ್ 3, 2025. ಮೀಟರ್ 41,206.

ರೈಲಿನ ಪಾಸು ಮುಗಿಯಿತು, ಮತ್ತೆ ಮಾಡಿಸಲಿಲ್ಲ. ಇವತ್ತಿನಿಂದ ವಾರಕ್ಕೆ ನಾಲ್ಕು ದಿನ ಮೈಸೂರಿನ ಸರಸ್ವತಿಪುರದಿಂದ ಮಂಡ್ಯದ ಕಾಲೇಜಿಗೆ ಮಾವನವರ ಫಿಯೆಟ್ಟಿನಲ್ಲೇ. ಹೋಗಿಬರುವುದು ಸುಮಾರು 90 ಕಿಲೋಮೀಟರ್. ಆರ್‌ಸಿಯಲ್ಲಿ ಇರುವುದು ಪ್ರೀಮಿಯರ್ ಪದ್ಮಿನಿ, 1986ರದು. ಆದರೆ ನಮ್ಮ ಬೀದಿಯಲ್ಲಿ ಪದ್ಮಿನಿ ಎಂದರೆ ಮೂಲೆ ಮನೆ ಟೈಲರಮ್ಮ, ಕಾರು ಎಂದರೆ ಫಿಯೆಟ್ಟೇ. 1089 ಸಿಸಿ ಎಂಜಿನ್ನು, ಸ್ಟೇರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮೀಟರಿನಲ್ಲಿ ಇರುವುದು ಐದೇ ಅಂಕಿ. ಎಷ್ಟು ಸಲ ಸೊನ್ನೆಗೆ ಬಂದು ಹೋಗಿದೆ ಎಂದು ಮಾವನಿಗೂ ನೆನಪಿಲ್ಲ.

ಆರು ವರ್ಷ ಟಾರ್ಪಾಲಿನ ಅಡಿ ನಿಂತಿದ್ದ ಗಾಡಿ. ಹೊರಡಿಸಲು ಎರಡು ತಿಂಗಳು ಹಿಡಿಯಿತು: ಟ್ಯಾಂಕ್ ಇಳಿಸಿ ತುಕ್ಕು ತೊಳೆದದ್ದು, ಕಾರ್ಬೊರೇಟರಿನಲ್ಲಿ ಪೆಟ್ರೋಲು ಒಣಗಿ ಅಂಟಾಗಿದ್ದನ್ನು ಬಿಡಿಸಿದ್ದು, ಹಿಡಿದುಕೊಂಡಿದ್ದ ಬ್ರೇಕ್ ಸಿಲಿಂಡರುಗಳು, ಬ್ಯಾಟರಿ, ಟಯರು. ಮಂಡಿ ಮೊಹಲ್ಲಾದ ನಮ್ಮ ಮೆಕ್ಯಾನಿಕ್ಕು ಭಾಯ್ ಬಿಲ್ಲು ಕೊಡುವಾಗ ಹೇಳಿದ್ದು ಇಷ್ಟೇ: "ಓಡಿ ಕೆಟ್ಟಿದ್ದು ಒಂದೂ ಇಲ್ಲ ಮೇಷ್ಟ್ರೇ. ಎಲ್ಲಾ ನಿಂತು ಕೆಟ್ಟಿದ್ದು."

ಮಾರ್ಚ್ 19. 42,130.

ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಎಲ್ಲಿ ಓಡಿಸುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. 2023ರ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಗೆ ಪ್ರವೇಶವಿಲ್ಲ, ಅವೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ. ಅಲ್ಲಿ ಹೋದರೆ ಕಬ್ಬಿನ ಟ್ರೇಲರಿನ ಹಿಂದೆ ಎರಡನೇ ಗೇರಿನಲ್ಲಿ ತೆವಳಬೇಕು. ಮೇಲೆ ಹೋದರೆ ನೂರರಲ್ಲಿ ಬರುವವರ ಮಧ್ಯೆ ನಾನೊಬ್ಬ ಅರವತ್ತೈದು. ಸದ್ಯಕ್ಕೆ ಮೇಲಿನ ರಸ್ತೆಯ ಎಡಗಡೆ ಲೇನು ಹಿಡಿದು, ಮುಂದಿನ ಗಾಡಿಗೂ ನನಗೂ ಒಂದು ಮದುವೆ ದಿಬ್ಬಣ ಹೋಗುವಷ್ಟು ಜಾಗ ಬಿಟ್ಟು ಓಡಿಸುತ್ತಿದ್ದೇನೆ. ಆ ಜಾಗಕ್ಕೆ ಯಾರಾದರೂ ಬಂದು ತೂರಿಕೊಳ್ಳುತ್ತಾರೆ, ಮತ್ತೆ ಬಿಡುತ್ತೇನೆ. ಡ್ರಮ್ ಬ್ರೇಕಿನವನಿಗೆ ರೋಷ ಇರಬಾರದು.

ಗಾಡಿ ಓಡುವಾಗಲೂ ಗೇರು ಸದ್ದಿಲ್ಲದೆ ಕೂರುವಂತೆ ಮಾಡುವ ಸಿಂಕ್ರೋ ಒಂದನೇ ಗೇರಿಗೆ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು, ಇಲ್ಲವಾದರೆ ಕರ್ರೆಂದು ಇಡೀ ಸಿಗ್ನಲ್ಲು ತಿರುಗಿ ನೋಡುತ್ತದೆ. ಕೊಲಂಬಿಯಾ ಏಷ್ಯಾ ಜಂಕ್ಷನ್ನಿನಲ್ಲಿ ಇದನ್ನು ಎರಡು ಸಲ ಕಲಿತೆ.

ಏಪ್ರಿಲ್ 8. 43,057.

ಮಂಡ್ಯದ ಸಂಜಯ ವೃತ್ತದ ಹತ್ತಿರ ಮಧ್ಯಾಹ್ನ ಮೂರಕ್ಕೆ ನಿಂತೇ ಹೋಯಿತು. ಸೆಲ್ಫ್ ಹೊಡೆದರೆ ಎಂಜಿನ್ನು ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಏರ್‌ಲಾಕು. ಈ ಕಾರಿನ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಕೂತಿದೆ. ಟ್ಯಾಂಕಿನಿಂದ ಅಷ್ಟು ದೂರ ಎಳೆದು ತರಬೇಕು. ಬಿಸಿಲಿಗೂ ಎಂಜಿನ್ನಿನ ಕಾವಿಗೂ ಪೈಪಿನೊಳಗೆ ಪೆಟ್ರೋಲು ಆವಿಯಾದರೆ ಪಂಪಿಗೆ ಎಳೆಯಲು ಏನೂ ಸಿಗುವುದಿಲ್ಲ, ಬರೀ ಆವಿಯನ್ನೇ ಹಿಂಡುತ್ತಾ ಕೂತಿರುತ್ತದೆ.

ಬಾನೆಟ್ಟು ಎತ್ತಿದ್ದೇ ತಡ, ಎಳನೀರಿನವನು ಬಂದ. "ಕಾದೋಗದೆ ಕಣ್ ಸಾ. ನಮ್ ತಾತಂದೂ ಇಂಗೇ ನಿಂತ್ಕೊಳದು" ಎಂದು ಕಾಯಿ ಮೇಲೆ ಹೊದಿಸಿದ್ದ ಒದ್ದೆ ಗೋಣಿಚೀಲ ತಂದು ಪಂಪಿನ ಮೇಲೆ ಹಾಕಿದ. ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಆಯಿತು. ಎರಡು ಎಳನೀರು ಕುಡಿದು ಮೂರರ ದುಡ್ಡು ಕೊಟ್ಟೆ. ಅವತ್ತಿನಿಂದ ಡಿಕ್ಕಿಯಲ್ಲಿ ಒಂದು ಹಳೇ ಟವೆಲು, ಎರಡು ಲೀಟರ್ ನೀರು ಇದ್ದೇ ಇರುತ್ತದೆ.

ಏಪ್ರಿಲ್ 21. 43,610.

ಏರ್‌ಲಾಕಿನ ಬೆನ್ನು ಹತ್ತಿ ಹೋದರೆ ಇನ್ನೊಂದು ಸಿಕ್ಕಿತು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಇದು ಬೇಗ ಆವಿಯಾಗುತ್ತದೆ, ಹಾಗಾಗಿ ಏರ್‌ಲಾಕಿಗೆ ಇದರದೂ ಒಂದು ಕೈ. ಅದಕ್ಕಿಂತ ಕೆಟ್ಟದ್ದು ರಬ್ಬರಿಗೆ ಆಗುವುದು. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬೆರಳಿನಲ್ಲಿ ಒತ್ತಿದೆ, ಮಾಗಿದ ಸಪೋಟದ ಹಾಗೆ ಮೆತ್ತಗಿತ್ತು. ಕೆಳಗೆ ಬಿಸಿ ಎಂಜಿನ್ನು. ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಎಥನಾಲ್ ತಡೆಯುವ ಪೈಪನ್ನೇ ಕೇಳಿ ತಂದು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಇದ್ದ ರಬ್ಬರ್ ತುಂಡುಗಳನ್ನೆಲ್ಲ ಬದಲಾಯಿಸಿದ್ದಾಯಿತು, ಪಂಪಿನ ಡಯಾಫ್ರಮ್ಮನ್ನೂ. ಹಳೇ ಕಾರು ಇಟ್ಟುಕೊಂಡವರು ಬೇರೆ ಏನನ್ನು ಮುಂದಕ್ಕೆ ಹಾಕಿದರೂ ಇದೊಂದನ್ನು ಹಾಕಬೇಡಿ. ಪೈಪಿಗೆ ಕೊಟ್ಟ ದುಡ್ಡು ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ.

ಜೂನ್ 16. 45,288.

ಮೈಲೇಜು 9.6. ಪೆಟ್ರೋಲು ಲೀಟರಿಗೆ 102 ರೂಪಾಯಿ ಮೇಲೆ. ಮನೆಯವಳು ಲೆಕ್ಕದ ಪುಸ್ತಕ ಮುಂದಿಟ್ಟು, "ರೀ, ಆನೆ ಸಾಕಿದ್ರೆ ಲದ್ದಿಯಾದ್ರೂ ಸಿಗೋದು" ಎಂದಳು. ತಪ್ಪೇನೂ ಹೇಳಲಿಲ್ಲ.

ಬೆಳಿಗ್ಗೆ ಶ್ರೀರಂಗಪಟ್ಟಣ ಹತ್ತಿರವಾಗುವವರೆಗೂ ಚೋಕು, ಅಂದರೆ ತಣ್ಣನೆ ಎಂಜಿನ್ನಿಗೆ ಪೆಟ್ರೋಲು ಜಾಸ್ತಿ ಸಿಗುವಂತೆ ಮಾಡುವ ಹಿಡಿ, ಎಳೆದೇ ಇರಬೇಕಿತ್ತು. ಅದು ಯಾಕೆ ಎಂದು ನೋಡಿದರೆ ಥರ್ಮೋಸ್ಟಾಟೇ ಇಲ್ಲ! ಎಂಜಿನ್ನು ಕಾಯುತ್ತದೆ ಎಂದು ಯಾವ ಕಾಲದಲ್ಲೋ ಯಾರೋ ಕಿತ್ತು ಎಸೆದಿದ್ದಾರೆ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಇದೊಂದು ಹಳೇ ಚಾಳಿ. ಅದು ಇಲ್ಲದಿದ್ದರೆ ಶುರುವಿನಿಂದಲೇ ನೀರು ರೇಡಿಯೇಟರಿಗೆ ಹರಿದು, ಎಂಜಿನ್ನು ತನಗೆ ಬೇಕಾದ ಬಿಸಿಗೆ ಬರುವುದೇ ತಡವಾಗುತ್ತದೆ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲು ಜಾಸ್ತಿ ಬೇಕು. ರೇಡಿಯೇಟರ್ ತೊಳೆಸಿ, ಥರ್ಮೋಸ್ಟಾಟು ಹಾಕಿಸಿದೆ. ಮೂರು ಟ್ಯಾಂಕಿನ ಸರಾಸರಿ ಈಗ 11.7. ಜೊತೆಗೆ ಇಬ್ಬರು ಸಹೋದ್ಯೋಗಿಗಳು ಪೆಟ್ರೋಲಿಗೆ ಪಾಲು ಹಾಕಿ ಬರುತ್ತಿದ್ದಾರೆ. ಮುಂದೆ ಕೂರುವುದಕ್ಕೆ ಇಬ್ಬರಿಗೂ ಸರದಿ.

ಜುಲೈ 24. 47,015.

ಮಳೆ. ವೈಪರ್ ಒರೆಸುವುದಕ್ಕಿಂತ ಸವರುವುದೇ ಹೆಚ್ಚು. ಬಾಗಿಲ ರಬ್ಬರು ಹಾಕಿಸಬೇಕು. ಅಷ್ಟೇ.

ಆಗಸ್ಟ್ 29. 48,940.

ಬಾಬುರಾಯನಕೊಪ್ಪಲಿನ ಹತ್ತಿರ ಫಟ್ ಫಟ್ ಎಂದು ಹಿಂದಕ್ಕೆ ಹೊಡೆಯತೊಡಗಿತು, ಎಳೆಯುವುದೇ ಇಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ, ಒಳಗೆ ತೆರೆದು ಮುಚ್ಚಿ ಕರೆಂಟು ಕಡಿಯುವ ಪಾಯಿಂಟು ಸುಟ್ಟು ಕಪ್ಪಾಗಿದೆ. ಕಂಡೆನ್ಸರ್ ಹೋಗಿದೆ. ಅದು ಹೋದರೆ ಪಾಯಿಂಟು ತೆರೆಯುವಾಗಲೆಲ್ಲ ಅಲ್ಲೇ ಕಿಡಿ ಹಾರುತ್ತದೆ, ಪ್ಲಗ್ಗಿಗೆ ಹೋಗಬೇಕಾದ ಕಿಡಿ ಬಡವಾಗುತ್ತದೆ.

ಹೊಟ್ಟೆ ಉರಿದದ್ದು ಏನಕ್ಕೆ ಎಂದರೆ, ಆ ಕಂಡೆನ್ಸರ್ ಹದಿನೈದು ದಿನದ ಹಿಂದಷ್ಟೇ ಹಾಕಿಸಿದ ಹೊಸದು. "ಹಳೇದು, ಯಾವಾಗ ಬೇಕಾದರೂ ಹೋಗಬಹುದು" ಎಂದು ಮುಂಜಾಗ್ರತೆಗೆ ನಾನೇ ಬದಲಾಯಿಸಿದ್ದು. ಪುಣ್ಯಕ್ಕೆ ಹಳೆಯದನ್ನು ಡಿಕ್ಕಿಯ ಡಬ್ಬಿಗೆ ಹಾಕಿದ್ದೆ. ರಸ್ತೆ ಪಕ್ಕ ಕೂತು ಪಾಯಿಂಟು ಉಜ್ಜಿ, ಹಳೇ ಕಂಡೆನ್ಸರನ್ನು ಸಿಕ್ಕಿಸಿದೆ. ಗ್ಯಾಪ್ ನೋಡಲು ಫೀಲರ್ ಗೇಜ್ ಮನೆಯಲ್ಲಿ ಉಳಿದಿತ್ತು, ವಿಸಿಟಿಂಗ್ ಕಾರ್ಡನ್ನು ಮಡಿಸಿ ಅಂದಾಜು ಮಾಡಿದೆ. ಒಂದೇ ಸೆಲ್ಫಿಗೆ ಹತ್ತಿಕೊಂಡಿತು. ಜೊತೆಗಿದ್ದ ಇಬ್ಬರೂ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ನಾಚಿಕೆ.

ಲೆಕ್ಕ ತೆಗೆದು ನೋಡಿದೆ. ಈ ಆರು ತಿಂಗಳಲ್ಲಿ ದಾರಿಯಲ್ಲಿ ನಿಲ್ಲಿಸಿದ್ದು ಮೂರು ಸಲ. ಒಂದು ಏರ್‌ಲಾಕು. ಉಳಿದ ಎರಡೂ, ಅಂದರೆ ಈ ಕಂಡೆನ್ಸರ್ ಮತ್ತು ಮೇ ತಿಂಗಳ ಫ್ಯಾನ್ ಬೆಲ್ಟು, ಹೊಸದಾಗಿ ಹಾಕಿದವು.

ಸೆಪ್ಟೆಂಬರ್ 6.

ಸ್ಪೇರ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ. ಹೋದದ್ದು ಮಾತ್ರ ರೈಲಿನಲ್ಲಿ! ಅಂಗಡಿಯ ಹಿರಿಯರು ಹೇಳಿದ ಮಾತು ನನ್ನ ಕಂಡೆನ್ಸರಿನ ಕಥೆಗೆ ಉತ್ತರದಂತಿತ್ತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಿದ್ದಷ್ಟು ದಿನ ಫಿಯೆಟ್ಟಿನ ಸಾಮಾನು ಮಾಡುವವರಿಗೆ ಗಿರಾಕಿ ಇದ್ದರು. ಕಳಪೆ ಮಾಲು ಕೊಟ್ಟರೆ ಟ್ಯಾಕ್ಸಿಯವನು ಮರುದಿನವೇ ಬಂದು ಮುಖಕ್ಕೆ ಎಸೆಯುತ್ತಿದ್ದ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. "ಈಗ ತಗೊಳ್ಳೋರು ವರ್ಷಕ್ಕೆ ನೂರು ಕಿಲೋಮೀಟರ್ ಓಡಿಸ್ತಾರೆ ಸಾರ್. ಮಾಲು ಹೆಂಗಿದೆ ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು?" ಗೋಡೌನಿನ ಮೂಲೆಯಿಂದ ಹಳೇ ಸ್ಟಾಕಿನ ಎರಡು ಕಂಡೆನ್ಸರ್, ಒಂದು ಜೊತೆ ಪಾಯಿಂಟು ಹುಡುಕಿ ಕೊಟ್ಟರು. ಡಬ್ಬಿಯ ಮೇಲಿನ ಧೂಳನ್ನೂ ಒರೆಸದೆ ತಂದಿದ್ದೇನೆ.

ಅಕ್ಟೋಬರ್ 1. 50,102.

ಆಯುಧಪೂಜೆ. ಕುಂಬಳಕಾಯಿ ಒಡೆದು, ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದಾಯಿತು. ಮಾವ ಊರಿನಿಂದ ಬಂದಿದ್ದರು, ಎಂಜಿನ್ನಿನ ಸದ್ದು ಕೇಳಿ, "ಟ್ಯಾಪೆಟ್ ಸ್ವಲ್ಪ ಲೂಸಿದೆ ಕಣಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು.

ಬೀದಿಯವರ ಪ್ರಶ್ನೆ ಒಂದೇ: ಹದಿನೈದು ವರ್ಷದ ಮೇಲೆ ಓಡಿಸೋ ಹಂಗಿಲ್ವಂತಲ್ಲ? ಅದು ದೆಹಲಿಯ ಗೋಳು. ಇಲ್ಲಿ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಮುಂದಿನ ವರ್ಷ ನನ್ನ ಸರದಿ. ಇಪ್ಪತ್ತು ವರ್ಷ ಮೀರಿದ ಕಾರಿಗೆ ಆ ಶುಲ್ಕವನ್ನು ಆಗಸ್ಟ್‌ನಲ್ಲಿ 5 ಸಾವಿರದಿಂದ 10 ಸಾವಿರಕ್ಕೆ ಏರಿಸಿದ್ದಾರೆ. ವಿಂಟೇಜ್ ಮಾಡಿಸಿ ಎನ್ನುವವರೂ ಇದ್ದಾರೆ. 2021ರ ನಿಯಮದಂತೆ ಅದಕ್ಕೆ ಐವತ್ತು ವರ್ಷ ತುಂಬಿರಬೇಕು, ನನ್ನದಕ್ಕೆ ತುಂಬುವುದು 2036ಕ್ಕೆ. ತುಂಬಿದರೂ ಬೇಡ. ಆ ಪ್ಲೇಟು ಹಾಕಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಮತ್ತೆ ಟಾರ್ಪಾಲಿನ ಅಡಿಗೇ.

ನವೆಂಬರ್ 20. 52,377.

ಬೇಗ ಕತ್ತಲಾಗುತ್ತಿದೆ. ಹೆಡ್‌ಲೈಟು ದೀಪಾವಳಿಯ ಹಣತೆಯಷ್ಟೇ ಇತ್ತು. ಬಲ್ಬು ದೊಡ್ಡದು ಹಾಕುವ ಬದಲು ಭಾಯ್ ಎರಡು ರಿಲೇ ಹಾಕಿದರು. ಮೊದಲು ಕರೆಂಟು ನಲವತ್ತು ವರ್ಷದ ಸ್ವಿಚ್ಚು, ತೆಳು ವೈರುಗಳನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಸೊರಗುತ್ತಿತ್ತು. ಈಗ ಬ್ಯಾಟರಿಯಿಂದ ನೇರ ಬರುತ್ತದೆ, ಸ್ವಿಚ್ಚಿನ ಕೆಲಸ ರಿಲೇಗೆ ಹೇಳುವುದಷ್ಟೇ. ಅದೇ ಬಲ್ಬು, ಎದುರಿನ ಎತ್ತಿನಗಾಡಿ ಈಗ ದೂರದಿಂದಲೇ ಕಾಣುತ್ತದೆ.

ಹಿಂದಿನ ಎಡ ಚಕ್ರದಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದೆ. ಫೆಬ್ರವರಿಯಲ್ಲಿ ಹಾಕಿದ ಹೊಸ ಕಿಟ್ಟು. ನನ್ನ ಗಾಡಿಯ ಬ್ರೇಕಿಗೆ ಒಂದೇ ಲೈನು, ಒಂದು ಕಡೆ ಹೋದರೆ ನಾಲ್ಕೂ ಹೋದಂತೆ. ಜೆ.ಸಿ. ರಸ್ತೆಯ ಹಿರಿಯರಿಗೆ ಫೋನು ಮಾಡಿದ್ದೇನೆ, ಸೋಮವಾರ ಹುಡುಕಿ ಇಡುತ್ತಾರಂತೆ. ಅಲ್ಲಿಯವರೆಗೆ ಮೂವರೂ ರೈಲಿಗೆ.