ಅನಿಲದಲ್ಲಿ ಕರಗುವ ನ್ಯಾಫ್ತಲೀನ್

ಬಟ್ಟೆಗಳ ನಡುವೆ ಇಟ್ಟ ನುಸಿಗುಳಿಗೆ ಸವೆಯುತ್ತ ಹೋಗುವುದು ಅದರೊಳಗಿನ ನ್ಯಾಫ್ತಲೀನ್ ನಿಧಾನವಾಗಿ ಆವಿಯಾಗುವುದರಿಂದ. ಎಷ್ಟು ಆವಿಯಾಗಬೇಕೆಂಬುದನ್ನು ಅದರ ಆವಿ ಒತ್ತಡವೇ, ಅಂದರೆ ಘನದ ಸುತ್ತ ತುಂಬಿ ನಿಂತ ಅದರ ಆವಿ ಹೇರುವ ಒತ್ತಡವೇ, ನಿರ್ಧರಿಸುತ್ತದೆ. ಸುತ್ತಲಿನ ಗಾಳಿಗೆ ಅದರಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ. ಇದೇ ಲೆಕ್ಕವನ್ನು 35 ಡಿಗ್ರಿ ಸೆಲ್ಸಿಯಸ್ ತಾಪ ಮತ್ತು 100 ಬಾರ್ ಒತ್ತಡದಲ್ಲಿರುವ ಇಂಗಾಲದ ಡೈಆಕ್ಸೈಡಿಗೆ ಅನ್ವಯಿಸಿದರೆ ಹತ್ತು ಲಕ್ಷ ಅಣುಗಳಲ್ಲಿ ಸುಮಾರು ಮೂರು ಮಾತ್ರ ನ್ಯಾಫ್ತಲೀನ್ ಅಣುಗಳಿರಬೇಕು. ಆದರೆ ಅಳೆದು ನೋಡಿದಾಗ ಸಿಗುವುದು ನೂರಕ್ಕೆ ಸುಮಾರು ಒಂದು, ಅಂದರೆ ಸಾವಿರಾರು ಪಟ್ಟು ಹೆಚ್ಚು.

ಇಂಗಾಲದ ಡೈಆಕ್ಸೈಡಿನ ಕ್ರಾಂತಿಕ ಬಿಂದು 31 ಡಿಗ್ರಿ, 73.8 ಬಾರ್. ಅದನ್ನು ದಾಟಿದ ಅನಿಲ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ, ಆದರೂ ದ್ರವದಂತೆ ದಟ್ಟವಾಗುತ್ತದೆ. ಹೀಗೆ ಒತ್ತೊತ್ತಾಗಿ ಸೇರಿದ ಅಣುಗಳ ಆಕರ್ಷಣೆಯೇ ಘನದ ಅಣುಗಳನ್ನು ಹರಳಿನಿಂದ ಸೆಳೆದುಕೊಳ್ಳುತ್ತದೆ. 1879ರಲ್ಲಿಯೇ ಹ್ಯಾನೇ ಮತ್ತು ಹೋಗಾರ್ತ್ ಎಂಬ ವಿಜ್ಞಾನಿಗಳು ಇದನ್ನು ಕಂಡಿದ್ದರು. ಕ್ರಾಂತಿಕ ತಾಪ ಮೀರಿದ ಆಲ್ಕೋಹಾಲಿನಲ್ಲಿ ಲವಣಗಳನ್ನು ಕರಗಿಸಿ, ಒತ್ತಡವನ್ನು ತಟ್ಟನೆ ಇಳಿಸಿದಾಗ ಅವು ಅನಿಲದೊಳಗೆ ಹಿಮದಂತೆ ಉದುರಿದವು.

ನನ್ನನ್ನು ಹೆಚ್ಚು ಸೆಳೆಯುವುದು ತಾಪದ ವರ್ತನೆ. ಬಿಸಿ ಮಾಡಿದಷ್ಟೂ ಹೆಚ್ಚು ಕರಗುತ್ತದೆ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ವಿಚಿತ್ರವೆನಿಸೀತು: 100 ಬಾರಿನಲ್ಲೇ ಇರಿಸಿಕೊಂಡು ತಾಪವನ್ನು 35ರಿಂದ 55 ಡಿಗ್ರಿಗೆ ಏರಿಸಿದರೆ ಕರಗಿದ್ದ ನ್ಯಾಫ್ತಲೀನಿನ ಬಹುಪಾಲು ಹೊರಬೀಳುತ್ತದೆ. ತಾಪ ಏರಿದಾಗ ನ್ಯಾಫ್ತಲೀನಿನ ಆವಿ ಒತ್ತಡ ಏರುವುದು ನಿಜವೇ. ಆದರೆ ಕ್ರಾಂತಿಕ ಬಿಂದುವಿನ ಹತ್ತಿರ ಅನಿಲ ಬಹಳ ಸುಲಭವಾಗಿ ಹಿಗ್ಗುವುದರಿಂದ ಅದರ ಸಾಂದ್ರತೆ ಅರ್ಧಕ್ಕಿಂತ ಕೆಳಗೆ ಕುಸಿಯುತ್ತದೆ, ಈ ನಷ್ಟವನ್ನು ಆ ಲಾಭ ತುಂಬಿಕೊಡಲಾರದು. 300 ಬಾರಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಸಾಂದ್ರತೆ ಇಳಿಯುವುದು ಅತ್ಯಲ್ಪ, ಹಾಗಾಗಿ ಆವಿ ಒತ್ತಡದ್ದೇ ಮೇಲುಗೈ, ಶಾಲೆಯ ನಿಯಮವೂ ನಿಲ್ಲುತ್ತದೆ. ಈ ಎರಡು ವಲಯಗಳ ನಡುವೆ, ಸುಮಾರು 120 ಬಾರಿನ ಆಸುಪಾಸಿನಲ್ಲಿ, ಒತ್ತಡಕ್ಕೆ ತಕ್ಕಂತೆ ಎಷ್ಟು ಕರಗುತ್ತದೆಂದು ತೋರಿಸುವ ಬೇರೆ ಬೇರೆ ತಾಪಗಳ ರೇಖೆಗಳು ಒಂದನ್ನೊಂದು ದಾಟುತ್ತವೆ.

ಕಾಫಿ ಬೀಜದಿಂದ ಕೆಫೀನನ್ನು ತೆಗೆಯುವ ವಿಧಾನವೂ ಇಂಥದೇ ಅನಿಲವನ್ನು ಅವಲಂಬಿಸಿದೆ, ಆದರೆ ಅಲ್ಲಿ ಬೀಜವನ್ನು ಮೊದಲು ನೀರಿನಲ್ಲಿ ನೆನೆಸಬೇಕಾಗುತ್ತದೆ. ದ್ರಾವಕದ ಬಲವನ್ನು ಒತ್ತಡದ ತಿರುಪಿನಿಂದಲೇ ಹೆಚ್ಚುಕಡಿಮೆ ಮಾಡಬಹುದೆಂಬುದು ಉದ್ಯಮಕ್ಕೆ ಅನುಕೂಲ. ಅಳತೆ ಮಾಡುವವರಿಗೆ ಅದೇ ತಲೆನೋವು. ಕ್ರಾಂತಿಕ ಬಿಂದುವಿನ ತೀರ ಸಮೀಪದಲ್ಲಿ ಒಂದು ಡಿಗ್ರಿ ಅತ್ತಿತ್ತಾದರೂ ಫಲಿತಾಂಶ ಬದಲಾಗುವುದರಿಂದ, ತಾಪವನ್ನು ದಶಮಾಂಶದವರೆಗೆ ಹೇಳದ ಕೋಷ್ಟಕವನ್ನು ಆ ವಲಯದಲ್ಲಿ ನಾನು ನೆಚ್ಚಿಕೊಳ್ಳುವುದಿಲ್ಲ.