ಇಪ್ಪತ್ತು ಅಂದಿದ್ದು ಎಪ್ಪತ್ತಾದ ದಿನ

ಲಾರಿ ತೂಗುವ ವೇಬ್ರಿಜ್‌ನವನು ಫೋನ್ ಮಾಡಿ, "ಸಾಹೇಬ್ರ, ಎರಡೂವರಿ ಟನ್ ಹೆಚ್ಚಿಗಿ ಬರ್ಲಿಕತ್ತದ" ಅಂದ. ಲಾರಿ ವಾಪಸ್ ಬಂತು. ಎಣಿಸಿದೆವು. ಫಟಕಾ ಅನ್ನೋ ಒಳ್ಳೆ ದರ್ಜೆಯ ತೊಗರಿ ಬೇಳೆ 20 ಚೀಲ ಹೋಗಬೇಕಿತ್ತು, 70 ಏರಿತ್ತು. ಐವತ್ತು ಕೆಜಿಯ ಐವತ್ತು ಚೀಲ ಜಾಸ್ತಿ. ಬಿಸಿಲಲ್ಲಿ ಅಷ್ಟನ್ನೂ ಇಳಿಸುವಾಗ ಹಮಾಲರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ನಾನು ಕಲಬುರಗಿಯ ಕಪನೂರ ಕಡೆಯ ಒಂದು ದಾಲ್ ಮಿಲ್‌ನಲ್ಲಿ ಲೋಡಿಂಗ್ ಲೆಕ್ಕ ನೋಡುತ್ತೇನೆ. ನಮ್ಮ ತೊಗರಿಗೆ 2019ರಲ್ಲಿ, ಈ ನೆಲದ್ದೇ ಮಾಲು ಅನ್ನೋ ಜಿಐ ಟ್ಯಾಗ್ ಸಿಕ್ಕಿತು, ಅದು ಎಲ್ಲರಿಗೂ ಗೊತ್ತು. ಅದನ್ನು ಒಡೆಯುವ ಜಾಗದಲ್ಲಿ ಎಷ್ಟು ಗದ್ದಲ ಇರುತ್ತೆ ಅಂತ ಒಳಗೆ ಬಂದವರಿಗೇ ಗೊತ್ತು. ರೋಲರ್, ಎಲಿವೇಟರ್, ಜರಡಿ, ಕಂಪ್ರೆಸರ್, ಎಲ್ಲಾ ಒಟ್ಟಿಗೆ. ಸಂಕ್ರಾಂತಿ ಆಸುಪಾಸು ಹೊಸ ಮಾಲು ಬಂತೆಂದರೆ ರಾತ್ರಿನೂ ನಿಲ್ಲುವುದಿಲ್ಲ.

ಆವತ್ತು ಮೊದಲು ಹಮಾಲರ ಮುಖಂಡ ಮುಕದ್ದಮನ ಮೇಲೆ ಹಾರಿಬಿದ್ದೆ. ಅವನು ತಣ್ಣಗೆ, "ನೀವೇ ಎಪ್ಪತ್ತ ಅಂದ್ರಿ" ಅಂದ. ಸುಳ್ಳು ಅನ್ನಿಸಿತು. ಪಕ್ಕದಲ್ಲಿದ್ದ ಇಬ್ಬರನ್ನು ಕೇಳಿದೆ. ಅವರಿಗೂ ಎಪ್ಪತ್ತೇ ಕೇಳಿಸಿತ್ತಂತೆ. ಮೂರು ಜನ ಸೇರಿ ಸುಳ್ಳು ಹೇಳೋಕೆ ಅವರಿಗೇನು ಲಾಭ? ಇಳಿಸಬೇಕಾದವರು ಅವರೇ ಅಲ್ವಾ?

ಮರುದಿನ ಮೊಬೈಲ್ ರೆಕಾರ್ಡಿಂಗ್ ಹಚ್ಚಿ, ಹಿಂದಿನ ದಿನ ನಿಂತಿದ್ದ ಕಂಪ್ರೆಸರ್ ಪಕ್ಕದಲ್ಲೇ ನಿಂತು "ಇಪ್ಪತ್ತು ಚೀಲ" ಅಂತ ಕೂಗಿದೆ. ಆಫೀಸಿಗೆ ಬಂದು ಬಾಗಿಲು ಹಾಕಿ ಕೇಳಿದರೆ, ನನ್ನದೇ ಬಾಯಲ್ಲಿ ಸರಿಸುಮಾರು "ಎಪ್ಪತ್ತು". ನೀವೂ ಮಾಡಿ ನೋಡಿ. 'ಇ' ಅನ್ನೋಕೆ ಬಾಯಿ ಹೆಚ್ಚುಕಡಿಮೆ ಮುಚ್ಚಿರಬೇಕು. ಕೂಗುವಾಗ ದವಡೆ ತಾನಾಗಿ ಕೆಳಗಿಳಿಯುತ್ತೆ. ದವಡೆ ಇಳಿದರೆ 'ಇ' ಹೋಗಿ 'ಎ' ಕಡೆ ಜಾರುತ್ತೆ. ಉಳಿದಿದ್ದೆಲ್ಲ ಎರಡರಲ್ಲೂ ಒಂದೇ: ಪ್ಪತ್ತು, ಪ್ಪತ್ತು.

ಆಮೇಲೆ ಓದಿದಾಗ ಇದಕ್ಕೆ ಹೆಸರೇ ಇದೆ ಅಂತ ಗೊತ್ತಾಯ್ತು. ಲೊಂಬಾರ್ಡ್ ಪರಿಣಾಮ. ಎತಿಯೆನ್ ಲೊಂಬಾರ್ಡ್ ಅನ್ನೋ ಫ್ರಾನ್ಸಿನ ಕಿವಿ-ಮೂಗು-ಗಂಟಲು ಡಾಕ್ಟರ್ 1911ರಲ್ಲಿ ಇದರ ಬಗ್ಗೆ ಬರೆದ. ಮಾತಾಡುತ್ತಿರುವವರ ಕಿವಿಗೆ ಗದ್ದಲ ಬಿಟ್ಟರೆ ಅವರ ದನಿ ತಾನಾಗಿ ಏರುತ್ತೆ, ಗದ್ದಲ ನಿಲ್ಲಿಸಿದರೆ ಇಳಿಯುತ್ತೆ. ಅವರಿಗೆ ಅದರ ಅರಿವೇ ಇರೋದಿಲ್ಲ. ಕಿವುಡು ಅಂತ ನಾಟಕ ಮಾಡುವವರನ್ನು ಹಿಡಿಯೋಕೂ ಈ ಪರೀಕ್ಷೆ ಬಳಸುತ್ತಿದ್ದರು. ನಿಜವಾಗಿ ಕೇಳಿಸದವನ ದನಿ ಏರುವುದಿಲ್ಲ, ನಾಟಕದವನದು ಏರಿಬಿಡುತ್ತೆ! ಮುಂದೆ ಎಷ್ಟೋ ಭಾಷೆಗಳಲ್ಲಿ ಇದನ್ನೇ ಕಂಡಿದ್ದಾರೆ. ದನಿಯ ಏರಿಳಿತದಿಂದಲೇ ಅರ್ಥ ಬದಲಾಗುವ ಚೀನೀ ಭಾಷೆಯವರೂ ಇದರಿಂದ ತಪ್ಪಿಸಿಕೊಂಡಿಲ್ಲ.

ಬರೀ ಜೋರಾಗುವುದಷ್ಟೇ ಆಗಿದ್ದರೆ ಒಳ್ಳೇದೇ ಇತ್ತು. ಆದರೆ ದನಿ ಕೀಚಲಾಗುತ್ತೆ, ಸ್ವರಗಳು ಎಳೆದುಕೊಳ್ಳುತ್ತವೆ. ಸ್ವರಗಳಿಗೆ ಸಿಕ್ಕ ಜೋರು ತ, ಸ, ಪ ತರದ ಅಕ್ಷರಗಳಿಗೆ ಅಷ್ಟಾಗಿ ಸಿಗೋದಿಲ್ಲ. ಅವು ಮೊದಲೇ ಸಣ್ಣವು, ಮಷೀನು ನುಂಗಿಬಿಡುತ್ತೆ. ಎಳೆದರೆ ಕನ್ನಡದಲ್ಲಿ ಕಷ್ಟ. ಒಮ್ಮೆ ಚೀಲ ಹಿಡಿದು ನಿಂತವನಿಗೆ "ಬಿಡಿ, ಬಿಡಿ" ಅಂತ ಒದರಿದರೆ, ಅವನು ಜೇಬಿಂದ ಬೀಡಿ ಕಟ್ಟು ತೆಗೆದ. ಬೇಕಂತಲೇ ಮಾಡಿದನೋ ಏನೋ, ಇವತ್ತಿಗೂ ಬಾಯಿಬಿಟ್ಟಿಲ್ಲ.

ನಮ್ಮಲ್ಲಿ ಕನ್ನಡ ಒಂದೇ ಅಲ್ಲ. ಇಲ್ಲಿನ ಉರ್ದು ಅಂದರೆ ದಖನಿ ಇದೆ, ಆಳಂದ ಕಡೆಯವರ ಮರಾಠಿ ಇದೆ, ಸೇಡಂ ಗಡಿಯವರ ತೆಲುಗು ಇದೆ. ಒಂದೊಂದು ಭಾಷೆ ಒಂದೊಂದು ಕಡೆ ಮುಗ್ಗರಿಸುತ್ತೆ. ದಖನಿಯಲ್ಲಿ ಸಾತ್, ಆಠ್, ಸಾಠ್ ಮೂರೂ ರೋಲರ್ ಪಕ್ಕದಲ್ಲಿ ಬರೀ "ಆ". ಏಳೋ, ಎಂಟೋ, ಅರವತ್ತೋ, ದೇವರೇ ಬಲ್ಲ. ಮರಾಠಿಯ ವೀಸ್ (ಇಪ್ಪತ್ತು) ಮತ್ತು ತೀಸ್ (ಮೂವತ್ತು) ನಡುವೆ ಇರೋದು ಒಂದೇ ಅಕ್ಷರದ ವ್ಯತ್ಯಾಸ. ತೆಲುಗಿನಲ್ಲಿ ಇರವೈ (ಇಪ್ಪತ್ತು), ಅರವೈ (ಅರವತ್ತು) ಕೂಡ ಹಾಗೇ. ಆದರೆ ಕನ್ನಡದ ಏಳು, ಎಂಟು, ಅರವತ್ತು ನಡುವೆ ಇಂಥ ಗೊಂದಲ ಇಲ್ಲ, ಅಲ್ಲಿ ನಾವು ಬಚಾವ್.

ಹಾಗಾಗಿ ನಾನೀಗ ಇಪ್ಪತ್ತು ಅನ್ನೋದೇ ಇಲ್ಲ. "ಎರಡು ಸೊನ್ನೆ" ಅಂತೀನಿ. ಎಪ್ಪತ್ತಾದರೆ "ಏಳು ಸೊನ್ನೆ". ಜೊತೆಗೆ ಬೆರಳು ತೋರಿಸುತ್ತೀನಿ. ಮುಕದ್ದಮನೂ ಅದನ್ನೇ ತಿರುಗಿ ಹೇಳಿ ಬೆರಳೆತ್ತಬೇಕು. ಶುರುವಿನಲ್ಲಿ ಎಲ್ಲರೂ ನಕ್ಕರು. ಈಗ ದಖನಿಯವರು "ದೋ ಸಿಫರ್" ಅಂತಾರೆ.

ಇನ್ನೊಂದು ತಮಾಷೆ. ಕಿವಿಗೆ ಹಾಕೋ ಪ್ಲಗ್ ತರಿಸಿಕೊಟ್ಟೆವು. ಕಿವಿ ಉಳಿಯಬೇಕಲ್ಲ, ಹಾಕಲೇಬೇಕು. ಆದರೆ ಹಾಕಿಕೊಂಡವನು ಮೆಲ್ಲಗೆ ಮಾತಾಡೋಕೆ ಶುರು ಮಾಡಿದ. ಪ್ಲಗ್ ಹಾಕಿದರೆ ಮಷೀನಿನ ಸದ್ದು ಕಡಿಮೆ ಕೇಳಿಸುತ್ತೆ, ನಮ್ಮ ದನಿ ತಲೆಬುರುಡೆ ಒಳಗೇ ದೊಡ್ಡದಾಗಿ ಕೇಳಿಸುತ್ತೆ. ಸಾಕಷ್ಟು ಜೋರಾಗೇ ಹೇಳಿದೆ ಅಂತ ಅವನ ಲೆಕ್ಕ. ಎದುರಿಗಿದ್ದವನಿಗೆ ತುಟಿ ಅಲ್ಲಾಡಿದ್ದು ಬಿಟ್ಟರೆ ಏನೂ ಇಲ್ಲ. "ಏನ್ ಗುನುಗ್ತೀಪಾ, ಮದುವಿ ಸುದ್ದಿ ಹೇಳಿದಂಗ" ಅಂತ ಬೈಸಿಕೊಂಡ. ಪ್ಲಗ್ ಹಾಕಿದವರಿಗಂತೂ ಬೆರಳೇ ಗತಿ.

ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ರೋಲರ್ ಉಸಿರು ಬಿಟ್ಟಂತೆ ನಿಂತಿತು. ಅರ್ಧ ಮಾತಿನಲ್ಲಿದ್ದ ಮುಕದ್ದಮನ ದನಿ ಅಷ್ಟೇ ಬೇಗ ಕೆಳಗಿಳಿಯಿತು. ಬೆರಳು ಮಾತ್ರ ಇನ್ನೂ ಮೇಲೇ ಇತ್ತು. ಎರಡು.